ದೊಡ್ಡಪ್ಪನ ಡಿಸ್ಚಾರ್ಜ್ ಬುಕ್ಕಿಗೆ ಎರಡು ಸಾಲು

ದೊಡ್ಡಪ್ಪನ ಕೋಟಿನ ಮೇಲೆ ಎರಡೇ ಪದಕ ಇದ್ದವು. ಒಂದು ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದಾಗ, 1972ರಲ್ಲಿ, ಆಗ ಸರ್ವಿಸ್‌ನಲ್ಲಿದ್ದವರಿಗೆ ಕೊಟ್ಟದ್ದು. ಇನ್ನೊಂದು ಒಂಬತ್ತು ವರ್ಷದ ಸೇವೆಯದ್ದು. 1971ರ ಯುದ್ಧದಲ್ಲಿ ಅವರು ಲಾರಿ ಓಡಿಸಿಕೊಂಡು ಪೂರ್ವದ ಗಡಿ ದಾಟಿದ್ದರು ಎನ್ನುವುದು ನಮ್ಮ ಮನೆಯ ನಾಯಿಗೂ ಗೊತ್ತು. ಹುತ್ತರಿ ಹಬ್ಬಕ್ಕೆ ನೆಂಟರು ಸೇರಿದರೆ ಆ ಕಥೆ ಬರದೆ ಊಟ ಮುಗಿಯುವುದಿಲ್ಲ. ಆದರೆ ಆ ಯುದ್ಧದ ಪದಕ ಒಂದೂ ಇಲ್ಲ ಅನ್ನುವುದನ್ನು ನಾವು ಯಾರೂ ಗಮನಿಸಿರಲಿಲ್ಲ. ನಾನು ಸೈನ್ಯದಲ್ಲಿ 24 ವರ್ಷ ಕ್ಲರ್ಕ್ ಆಗಿದ್ದವನು. ನನಗೂ ಕಾಣಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇ.

ಗೊತ್ತಾಗಿದ್ದು 2021ರ ಡಿಸೆಂಬರಿನಲ್ಲಿ. ಯುದ್ಧಕ್ಕೆ 50 ವರ್ಷ ತುಂಬಿತ್ತು. ಊರಿನ ಕಾರ್ಯಕ್ರಮವೊಂದರಲ್ಲಿ 71ರ ಸೈನಿಕರಿಗೆ ಶಾಲು ಹೊದಿಸುತ್ತೇವೆ, ಡಿಸ್ಚಾರ್ಜ್ ಬುಕ್ಕಿನ (ಸೈನ್ಯ ಬಿಡುವಾಗ ಕೊಡುವ ಸೇವಾ ಪುಸ್ತಕ) ಜೆರಾಕ್ಸ್ ತನ್ನಿ ಎಂದರು. ದೊಡ್ಡಪ್ಪ ಕೊಟ್ಟರು. ಪಟ್ಟಿ ಮಾಡುತ್ತಿದ್ದ ಹುಡುಗ ತಿರುಗಿಸಿ ನೋಡಿ, "ಅಜ್ಜಾ, ಇದ್ರಲ್ಲಿ 71ರದ್ದು ಏನೂ ಕಾಣ್ತಾ ಇಲ್ವಲ್ಲ" ಎಂದನಂತೆ. ಅವನು ಹೇಳಿದ್ದು ಸುಳ್ಳಲ್ಲ. ದೊಡ್ಡಪ್ಪ ಮನೆಗೆ ಬಂದು ಕೋಟನ್ನು ಮಡಚಿ ಟ್ರಂಕಿಗೆ ಹಾಕಿದರು. ರಾತ್ರಿ ದೊಡ್ಡಮ್ಮ ನನಗೆ ಫೋನ್ ಮಾಡಿದರು: "ಇವರು ಊಟ ಮಾಡಿಲ್ಲ ಕಣೋ."

ಮಾರನೇ ದಿನ ಹೋಗಿ ಬುಕ್ಕು ನೋಡಿದೆ. ಮೆಡಲ್‌ಗಳ ಜಾಗದಲ್ಲಿ ಎರಡೇ ಹೆಸರು. ಅವರಿಗೆ ಬರಬೇಕಾಗಿದ್ದ ಇನ್ನೆರಡು ಯಾವುವು ಅಂತ ನನಗೆ ಆಗಲೇ ಹೊಳೆಯಿತು. ಯುದ್ಧದ ದಿನಗಳಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್. ಪಶ್ಚಿಮದ ಕಡೆ ಇದ್ದವರಿಗೆ ಪಶ್ಚಿಮಿ ಸ್ಟಾರ್. ಗಡಿ ರಾಜ್ಯಗಳ ಕಾರ್ಯಾಚರಣೆ ಪ್ರದೇಶದಲ್ಲಿ ಇದ್ದವರಿಗೆ ಸಂಗ್ರಾಮ್ ಮೆಡಲ್. ದೊಡ್ಡಪ್ಪನಿಗೆ ಪೂರ್ವಿ ಸ್ಟಾರ್, ಸಂಗ್ರಾಮ್ ಎರಡೂ ಬರಬೇಕಿತ್ತು.

ಇಷ್ಟು ಗೊತ್ತಿದ್ದೂ ನಾನು ಮೊದಲು ಮಾಡಿದ್ದು ದಡ್ಡ ಕೆಲಸ. ಸೈನಿಕರ ಸೇವಾ ದಾಖಲೆ ಇಡುವ ಅವರ ರೆಕಾರ್ಡ್ ಆಫೀಸಿಗೆ ಮೂರು ಪುಟದ ಅರ್ಜಿ ಬರೆದೆ. ಗುಂಡಿನ ಸದ್ದು, ಮುರಿದ ಸೇತುವೆ, ರಾತ್ರಿಯೆಲ್ಲ ದೀಪ ಹಾಕದೆ ಲಾರಿ ಓಡಿಸಿದ್ದು, ಎಲ್ಲ ಬರೆದೆ. ಬರೆಯುವಾಗ ನನಗೇ ಮೈ ಜುಮ್ಮೆಂದಿತು. ಎರಡೂವರೆ ತಿಂಗಳಾದ ಮೇಲೆ ಒಂದು ಸಾಲಿನ ಉತ್ತರ ಬಂತು. ದಾಖಲೆಯ ಪ್ರಕಾರ ಅರ್ಹತೆ ಇಲ್ಲ, ಅಷ್ಟೇ.

ಸಿಟ್ಟು ಬಂತು. ಆಮೇಲೆ ಕ್ಲರ್ಕ್ ಬುದ್ಧಿ ಎಚ್ಚರವಾಯಿತು. ನಾನು ಆ ಕುರ್ಚಿಯಲ್ಲಿದ್ದಿದ್ದರೂ ಅದನ್ನೇ ಬರೆಯುತ್ತಿದ್ದೆ. ಯಾಕಂದರೆ ಈ ಎರಡು ಪದಕ ಶೌರ್ಯಕ್ಕೆ ಕೊಡುವುದಲ್ಲ. ಇಂಥ ತಾರೀಕಿಗೆ ಇಂಥ ಜಾಗದಲ್ಲಿ ಇದ್ದೆ ಅನ್ನುವುದಕ್ಕೆ ಕೊಡುವುದು. ಕ್ಲರ್ಕಿಗೆ ಬೇಕಾಗಿದ್ದು ಕಥೆ ಅಲ್ಲ, ಆ ತಾರೀಕಿಗೆ ಈ ಮನುಷ್ಯ ಎಲ್ಲಿದ್ದ ಅಂತ ಹೇಳುವ ಒಂದು ಕಾಗದ. ಅದನ್ನು ನಾನು ಹುಡುಕಿಯೇ ಇರಲಿಲ್ಲ.

ಇಲ್ಲಿ ಪಾರ್ಟ್ ಟೂ ಆರ್ಡರ್ ಬಗ್ಗೆ ಹೇಳಬೇಕು. ಸೈನ್ಯದಲ್ಲಿ ಇದ್ದವರಿಗೆ ಗೊತ್ತಿರುತ್ತದೆ, ಮನೆಯವರಿಗೆ ಗೊತ್ತಿರುವುದಿಲ್ಲ. ಜವಾನನ ರಜೆ, ಮದುವೆ, ಮಗು, ಬಡ್ತಿ, ವರ್ಗಾವಣೆ, ಬೇರೆ ಯೂನಿಟ್ಟಿಗೆ ಕಳಿಸಿದ್ದು, ಮೆಡಲ್, ಏನೇ ಆದರೂ ಯೂನಿಟ್ ಅದನ್ನು ಪಾರ್ಟ್ ಟೂ ಆರ್ಡರಿನಲ್ಲಿ ಹಾಕಬೇಕು. ಅದು ರೆಕಾರ್ಡ್ ಆಫೀಸಿಗೆ ಹೋಗಿ ಅವನ ಶೀಟ್ ರೋಲಿನಲ್ಲಿ, ಅಂದರೆ ಸೇವಾ ದಾಖಲೆಯಲ್ಲಿ, ಏರಬೇಕು. ಆರ್ಡರಿನಲ್ಲಿ ಬರದೇ ಇದ್ದರೆ ಆಗಿಯೇ ಇಲ್ಲ ಅಂತ ಲೆಕ್ಕ. ಮೂರು ಮಕ್ಕಳ ಅಪ್ಪ ಕಾಗದದಲ್ಲಿ ಬ್ರಹ್ಮಚಾರಿಯಾಗಿ ಉಳಿದದ್ದನ್ನು ನಾನೇ ನೋಡಿದ್ದೇನೆ. ಡಿಸ್ಚಾರ್ಜ್ ಬುಕ್ ಅಂದರೆ ಆ ಶೀಟ್ ರೋಲಿನಿಂದ ಕೊನೆಗೆ ಇಳಿಸಿಕೊಂಡ ನಕಲು. ಬುಕ್ಕಿನಲ್ಲಿ ಇಲ್ಲ ಅಂದರೆ ಎರಡೇ ಕಾರಣ. ಮೇಲೆ ಇದ್ದದ್ದನ್ನು ಬರೆಯಲು ಮರೆತಿದ್ದಾರೆ, ಇಲ್ಲವೇ ಮೇಲೆಯೇ ಇಲ್ಲ. ಮರೆತದ್ದಾದರೆ ಸುಲಭ, ಒಂದು ಅರ್ಜಿಯಲ್ಲಿ ಮುಗಿಯುತ್ತದೆ. ನಮ್ಮದು ಎರಡನೆಯದು.

ಯಾಕೆ ಇಲ್ಲ ಅಂತ ದೊಡ್ಡಪ್ಪನನ್ನು ಕೂರಿಸಿಕೊಂಡು ಕೇಳಿದೆ. ಅವರಿಗೆ ಲಾರಿಯ ನಂಬರ್ ನೆನಪಿದೆ, ತಾರೀಕು ಒಂದೂ ನೆನಪಿಲ್ಲ. ದೊಡ್ಡಮ್ಮನೇ ದಾರಿ ತೋರಿಸಿದ್ದು. "ಅತ್ತೆ ಕಾಗದ ಎಲ್ಲ ಇಟ್ಟಿದ್ರಲ್ಲ" ಎಂದು ಕಪ್ಪು ಟ್ರಂಕು ತೆಗೆದರು. ಬಿಳಿ ಬಣ್ಣದಲ್ಲಿ ನಂಬರ್, ರ್‍ಯಾಂಕ್, ಹೆಸರು ಬರೆದ ಟ್ರಂಕು, ಕೊಡಗಿನಲ್ಲಿ ಅದಿಲ್ಲದ ಮನೆ ಕಡಿಮೆ. ತಳದಲ್ಲಿ ಅಜ್ಜಿ ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದಗಳು. ಮಳೆಗಾಲದ ತೇವಕ್ಕೆ ಅರ್ಧ ಅಂಟಿಕೊಂಡಿದ್ದವು.

ಒಂದು ಕಾಗದ 1971ರ ಡಿಸೆಂಬರ್ 9ರದ್ದು. ಒಳಗೆ ಯುದ್ಧದ ಮಾತೇ ಇಲ್ಲ. ಎಲ್ಲಿದ್ದೇನೆ ಅಂತ ಬರೆಯುವ ಹಾಗಿರಲಿಲ್ಲ. ಗದ್ದೆ ಕೊಯ್ಲು ಮುಗಿಯಿತಾ, ಕರಿ ಹಸು ಕರು ಹಾಕಿತಾ, ನಾನು ಚೆನ್ನಾಗಿದ್ದೇನೆ. ಕಳಿಸಿದವರ ವಿಳಾಸ ನೋಡಿದೆ. ಅಲ್ಲಿದ್ದದ್ದು ದೊಡ್ಡಪ್ಪನ ಯೂನಿಟ್ಟಿನ ಹೆಸರಲ್ಲ, ಬೇರೆ ಯೂನಿಟ್ಟಿನದು! ಕೆಳಗೆ 99 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಪೂರ್ವದ ಕಡೆಯ ಸೈನಿಕರ ಟಪಾಲು ಹೋಗುವುದೇ ಆ ವಿಳಾಸಕ್ಕೆ. ಉಳಿದ ಕಡೆಯದ್ದು 56 ಎಪಿಒ.

"ಓ, ಅದಾ? ನಮ್ಮ ಹತ್ತು ಲಾರಿ ಅವರಿಗೆ ಕೊಟ್ಟಿದ್ರು. ಮದ್ದುಗುಂಡು ಹೊರಲಿಕ್ಕೆ" ಎಂದರು ದೊಡ್ಡಪ್ಪ, ನಿನ್ನೆ ಸಂತೆಗೆ ಹೋಗಿ ಬಂದ ಹಾಗೆ.

ಅಲ್ಲಿಗೆ ಗಂಟು ಸಿಕ್ಕಿತು. ಅಟ್ಯಾಚ್‌ಮೆಂಟ್. ಅಂದರೆ ಬೇರೆ ಯೂನಿಟ್ಟಿಗೆ ಎರವಲು ಹೋಗುವುದು. ಅವರ ಸ್ವಂತ ಯೂನಿಟ್ ಯುದ್ಧದ ಹೊತ್ತಿನಲ್ಲಿ ಗಡಿಯಿಂದ ದೂರ ಇತ್ತು. ಮೆಡಲಿಗೆ ಹೆಸರುಗಳ ಪಟ್ಟಿ ಹೋಗುವಾಗ ಅವರು 'ನಮ್ಮವರು ಯುದ್ಧಕ್ಕೆ ಹೋಗಿಲ್ಲ' ಎಂದುಕೊಂಡರು. ಆ ಕಡೆಯ ಯೂನಿಟ್ 'ಇವರು ನಮ್ಮವರಲ್ಲ, ಅವರ ಯೂನಿಟ್ ಕಳಿಸುತ್ತದೆ' ಎಂದುಕೊಂಡಿತು. ಹತ್ತು ಡ್ರೈವರ್‌ಗಳು ಎರಡು ಪಟ್ಟಿಯ ನಡುವೆ ಬಿದ್ದುಹೋದರು. ಡ್ರೈವರ್, ಅಡುಗೆಯವರು, ಸಿಗ್ನಲ್‌ನವರು, ನರ್ಸಿಂಗ್ ಅಸಿಸ್ಟೆಂಟ್, ಹೀಗೆ ಎರವಲು ಹೋದವರಿಗೇ ಈ ಪಾಡು ಜಾಸ್ತಿ. ನಿಮ್ಮ ಮನೆಯ ಹಿರಿಯರದ್ದೂ ಇದೇ ಕಥೆಯಾದರೆ, ಮೊದಲು ಕೇಳಬೇಕಾದ ಪ್ರಶ್ನೆ 'ಯಾವ ಯೂನಿಟ್' ಅಂತ ಅಲ್ಲ, 'ಆ ತಿಂಗಳು ಯಾರ ಲಂಗರಿನಲ್ಲಿ (ಸೈನ್ಯದ ಅಡುಗೆಮನೆಯಲ್ಲಿ) ಊಟ ಮಾಡಿದಿರಿ' ಅಂತ.

ಕಾಗದ ಒಂದೇ ಸಾಕಾಗುವುದಿಲ್ಲ. ಅದು ನಮಗೆ ಸುಳಿವು, ಅವರಿಗೆ ಸಾಕ್ಷಿ ಅಲ್ಲ. ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಪುಟ. ಕೇಳಿದ್ದು ಎರಡೇ: ನನ್ನ ಶೀಟ್ ರೋಲಿನ ಪೂರ್ತಿ ನಕಲು, ಮತ್ತು 1971ರ ನವೆಂಬರಿನಿಂದ 1972ರ ಫೆಬ್ರವರಿವರೆಗೆ ನನ್ನ ಹೆಸರಿನಲ್ಲಿ ಬಂದ ಪಾರ್ಟ್ ಟೂ ಆರ್ಡರುಗಳ ನಕಲು. 'ನನ್ನ' ಅನ್ನುವುದು ಮುಖ್ಯ. ಅರ್ಜಿಗೆ ದೊಡ್ಡಪ್ಪನೇ ಸಹಿ ಹಾಕಬೇಕು. ನಾನು ಹಾಕಿದ್ದರೆ ಬೇರೆಯವರ ಖಾಸಗಿ ಮಾಹಿತಿ ಅಂತ ತಿರಸ್ಕರಿಸಲು ದಾರಿ ಇದೆ. ಸೈನಿಕರು ತೀರಿಕೊಂಡಿದ್ದರೆ ಪೆನ್ಶನ್ ಪಡೆಯುವ ಹೆಂಡತಿ ಹಾಕಬಹುದು, ಪಿಪಿಒ (ಪೆನ್ಶನ್ ಆದೇಶ) ನಕಲು ಲಗತ್ತಿಸಿ.

ಇನ್ನೊಂದು ವಿಷಯ. ದೊಡ್ಡಪ್ಪ 15 ವರ್ಷ ಸೇವೆ ಮಾಡಿ ಪೆನ್ಶನ್ ತಗೊಂಡು ಬಂದವರು. ಅದಕ್ಕೇ ಅವರ ಶೀಟ್ ರೋಲ್ ಉಳಿದಿತ್ತು. ಪೆನ್ಶನ್ ಇಲ್ಲದೆ ಬೇಗ ಬಿಟ್ಟು ಬಂದವರ ಕಾಗದಗಳನ್ನು 25 ವರ್ಷ ಮಾತ್ರ ಇಡುತ್ತಾರೆ, ಆಮೇಲೆ ನಾಶ ಮಾಡುತ್ತಾರೆ. ಅಂಥವರಿಗೆ ಮನೆಯ ಟ್ರಂಕೇ ರೆಕಾರ್ಡ್ ಆಫೀಸು. ದಯವಿಟ್ಟು ಗೆದ್ದಲಿಗೆ ಬಿಡಬೇಡಿ.

30 ದಿನ ದಾಟಿ ಉತ್ತರ ಬಂತು. ಶೀಟ್ ರೋಲಿನ ನಕಲು ಮಬ್ಬಾಗಿತ್ತು. ಭೂತಗನ್ನಡಿ ಹಿಡಿದು, ಮಡಿಕೇರಿಯ ಜುಲೈ ಮಳೆಯಲ್ಲಿ ಕರೆಂಟೂ ಇಲ್ಲದೆ, ಟಾರ್ಚಿನ ಬೆಳಕಲ್ಲಿ ಓದಿದೆವು. ಇತ್ತು! ನವೆಂಬರ್ ಕೊನೆಯ ವಾರದಿಂದ ಜನವರಿವರೆಗೆ ಅಟ್ಯಾಚ್ಡ್ ಅಂತ ಒಂದು ಸಾಲು, ಪಕ್ಕದಲ್ಲಿ ಪಾರ್ಟ್ ಟೂ ಆರ್ಡರಿನ ನಂಬರ್. ಐವತ್ತು ವರ್ಷದ ಹಿಂದೆ ಯಾವನೋ ಕ್ಲರ್ಕ್ ಸರಿಯಾಗಿ ಕೆಲಸ ಮಾಡಿದ್ದ. ನನಗೆ ಆ ಪುಣ್ಯಾತ್ಮನ ಮೇಲೆ ಬಂದಷ್ಟು ಪ್ರೀತಿ ಯಾವ ಜನರಲ್ ಮೇಲೂ ಬಂದಿಲ್ಲ.

ಎರಡನೇ ಅರ್ಜಿ ಅರ್ಧ ಪುಟ. ನಂಬರ್, ರ್‍ಯಾಂಕ್, ಹೆಸರು. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಇಂಥ ಯೂನಿಟ್ಟಿಗೆ ಅಟ್ಯಾಚ್, ಪಾರ್ಟ್ ಟೂ ಆರ್ಡರ್ ನಂಬರ್ ಇಷ್ಟು. ಆ ಯೂನಿಟ್ ಆಗ ಪೂರ್ವದಲ್ಲಿ ಯುದ್ಧದಲ್ಲಿತ್ತು. ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್ ಮಂಜೂರು ಮಾಡಿ ದಾಖಲೆ ತಿದ್ದಿಕೊಡಿ. ಅಷ್ಟೇ. ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ ಮಾತಿಗೆ ಮಾತು ಬಂದು ಆ ಹತ್ತು ಲಾರಿಯ ಇನ್ನೊಬ್ಬ ಡ್ರೈವರ್ ಸೋಮವಾರಪೇಟೆ ಕಡೆ ಇರುವುದು ಗೊತ್ತಾಗಿತ್ತು. ಅವರ ಅಫಿಡವಿಟ್ಟನ್ನೂ ಸೇರಿಸಿದೆ. ನಿಜ ಹೇಳಬೇಕಂದರೆ ಕೆಲಸ ಮಾಡಿದ್ದು ಆರ್ಡರ್ ನಂಬರ್. ಅಫಿಡವಿಟ್ಟಿನಿಂದ ಆದ ಲಾಭ ಅಂದರೆ ಇಬ್ಬರು ಮುದುಕರು ಐವತ್ತು ವರ್ಷ ಆದಮೇಲೆ ಭೇಟಿಯಾಗಿ ಒಂದು ಬಾಟಲ್ ಮುಗಿಸಿದ್ದು.

ಅರ್ಜಿಯನ್ನು ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಮೂಲಕ ಕಳಿಸಿದೆವು. ನಮ್ಮ ಬಾಯಲ್ಲಿ ಇನ್ನೂ ಸೈನಿಕ್ ಬೋರ್ಡ್. ನೇರವಾಗಿಯೂ ಕಳಿಸಬಹುದು. ಆದರೆ ಅವರ ಮೇಲುಪತ್ರ ಇದ್ದರೆ ಫೈಲಿಗೆ ಸ್ವಲ್ಪ ತೂಕ ಬರುತ್ತದೆ, ನಕಲುಗಳ ದೃಢೀಕರಣವೂ ಅಲ್ಲೇ ಆಗುತ್ತದೆ. ನಾಲ್ಕು ತಿಂಗಳು ಸದ್ದಿಲ್ಲ. ಕೇಂದ್ರ ಸರಕಾರದ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ಹಾಕಿದ ಮೇಲೆ ಕದಲಿತು.

ಆ ನಾಲ್ಕು ತಿಂಗಳು ದೊಡ್ಡಪ್ಪ ನನ್ನನ್ನು ಸಮಾಧಾನ ಮಾಡಿದರು! ಮಡಿಕೇರಿಯಲ್ಲಿ ದೇವಯ್ಯ ವೃತ್ತ ದಾಟುವಾಗ ಹೇಳುತ್ತಿದ್ದರು: "ಅವರದ್ದೇ 23 ವರ್ಷ ಹಿಡೀಲಿಲ್ವಾ? ನಮ್ಮದು ಯಾವ ಲೆಕ್ಕ." ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ ಮರಳಿ ಬರಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಿಂದ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದ್ದರು ಅನ್ನುವುದು ನಮ್ಮವರಿಗೆ ತಿಳಿಯಲು ವರ್ಷಗಳೇ ಬೇಕಾದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅದು ಬೇರೆಯೇ ದಾರಿ. ಶೌರ್ಯ ಪದಕಗಳು ಭಾರತ ಸರಕಾರದ ಗೆಜೆಟ್‌ನಲ್ಲಿ ಪ್ರಕಟವಾಗುತ್ತವೆ. ಮನೆಯವರು 'ಅಜ್ಜನಿಗೆ ವೀರ ಚಕ್ರ ಬಂದಿತ್ತು, ಬುಕ್ಕಿನಲ್ಲಿ ಬರೆದಿಲ್ಲ' ಎಂದರೆ ಮೊದಲು ನೋಡಬೇಕಾಗಿದ್ದು ಗೆಜೆಟ್. ಅದರಲ್ಲಿದ್ದರೆ ತಿದ್ದುಪಡಿ ಸಲೀಸು.

2023ರಲ್ಲಿ ರೆಕಾರ್ಡ್ ಆಫೀಸಿನಿಂದ ಪತ್ರ ಬಂತು. ಎರಡೂ ಪದಕಕ್ಕೆ ಅರ್ಹತೆ ಇದೆ, ತಿದ್ದಲು ಮೂಲ ಡಿಸ್ಚಾರ್ಜ್ ಬುಕ್ ಕಳಿಸಿ. ಇಲ್ಲಿ ದೊಡ್ಡಪ್ಪ ಹಟ ಹಿಡಿದರು. ಮೂಲ ಬುಕ್ಕು ಕೊಡುವುದಿಲ್ಲ, ಅದು ಕಳೆದರೆ ನಾನೇ ಇಲ್ಲ. ಅವರದ್ದು ತಪ್ಪಲ್ಲ. ಅವರು ಬರವಣಿಗೆಯಲ್ಲಿ ಕೇಳುವ ಮೊದಲು ಮೂಲ ಬುಕ್ಕು ಯಾರೂ ಕಳಿಸಬೇಡಿ. ಕಳಿಸುವ ಮುಂಚೆ ಖಾಲಿ ಪುಟವನ್ನೂ ಬಿಡದೆ ಬಣ್ಣದ ನಕಲು ಮಾಡಿಸಿ. ನಾವು ಅಂಚೆಗೆ ಹಾಕಲೇ ಇಲ್ಲ. ನಾನೇ ರೈಲು ಹತ್ತಿ ಹೋದೆ. ಎರಡು ದಿನದ ಪ್ರಯಾಣ, ಆಫೀಸಿನಲ್ಲಿ ನಲವತ್ತು ನಿಮಿಷ. ಕೆಂಪು ಶಾಯಿಯಲ್ಲಿ ಎರಡು ಸಾಲು, ಹೊಸ ಪಾರ್ಟ್ ಟೂ ಆರ್ಡರಿನ ನಂಬರ್, ಅಧಿಕಾರಿಯ ಸಹಿ, ಗುಂಡು ಸೀಲು. ಸಹಿ ಇದ್ದು ಸೀಲು ಇಲ್ಲದಿದ್ದರೆ ಅಲ್ಲೇ ಕೇಳಿ ಹಾಕಿಸಿಕೊಳ್ಳಿ, ಮನೆಗೆ ಬಂದ ಮೇಲೆ ಪರದಾಟ.

ದಾಖಲೆ ತಿದ್ದಿದ್ದೇ ಪದಕ ಕೈಗೆ ಬಂದ ಹಾಗಲ್ಲ. ಅದು ಸ್ಟಾಕ್ ನೋಡಿಕೊಂಡು ಬೇರೆಯಾಗಿ ಬರುತ್ತದೆ. ಕಂಟೋನ್ಮೆಂಟಿನ ಅಂಗಡಿಗಳಲ್ಲಿ ನಕಲು ಪದಕ ಸಿಗುತ್ತದೆ, ಕೊಂಡು ತರಲಾ ಎಂದು ಕೇಳಿದೆ. ಬೇಡ ಎಂದರು. ಸರಕಾರದ್ದರ ಅಂಚಿನಲ್ಲಿ ಅವರ ನಂಬರ್, ಹೆಸರು ಕೆತ್ತಿರುತ್ತದೆ, ಅದೇ ಬೇಕಂತೆ. ಸಂಗ್ರಾಮ್ ಮೆಡಲ್ ಹೋದ ವರ್ಷ ಬಂತು. ಪೋಸ್ಟ್‌ಮ್ಯಾನ್ ತಂದಾಗ ದೊಡ್ಡಪ್ಪ ಕಾಫಿ ಕಣದಲ್ಲಿದ್ದರು. ಕೈ ತೊಳೆದು ಬಂದು ಅಂಚು ತಿರುಗಿಸಿ ಓದಿದರು, ದೊಡ್ಡಮ್ಮನಿಗೂ ಓದಿಸಿದರು. ಸ್ಟಾರ್ ಇನ್ನೂ ಬಂದಿಲ್ಲ. ಕೋಟಿನ ಮೇಲೆ ಸಂಗ್ರಾಮಿನ ಎಡಪಕ್ಕದಲ್ಲಿ ಅದಕ್ಕೆ ಜಾಗ ಬಿಟ್ಟು ಹೊಲಿಸಿದ್ದಾರೆ. ಜ್ಞಾಪನಾ ಪತ್ರ ಬರೆದಿಟ್ಟಿದ್ದೇನೆ, ಹುತ್ತರಿ ಕಳೆದ ಮೇಲೆ ಸಹಿ ಹಾಕಿಸಿಕೊಂಡು ಕಳಿಸಬೇಕು.