ಬೀಜಗಣಿತದ ಎಕ್ಸ್ (x) ಬರುವ ಮೊದಲು ಸಮ ಚಿಹ್ನೆ

ನಾಲ್ಕು, ಐದನೇ ಕ್ಲಾಸಿಗೆ ಗಣಿತ ಹೇಳಿಕೊಡುವ ಮೇಷ್ಟ್ರು, ಮಿಸ್ಸುಗಳಿಗೆ ಒಂದು ಸಣ್ಣ ಸಲಹೆ. ನಾಳೆ ಬೋರ್ಡಿನ ಮೇಲೆ 8 + 4 = □ + 5 ಅಂತ ಬರೆಯಿರಿ. ಏನೂ ವಿವರಿಸಬೇಡಿ. ಬಹಳ ಮಕ್ಕಳು 12 ಅನ್ನುತ್ತಾರೆ, ಕೆಲವರು 17. ಕೂಡುವುದು ಬರುವುದಿಲ್ಲ ಅಂತಲ್ಲ. '=' ಅಂದರೆ 'ಉತ್ತರ ಇಲ್ಲಿ ಬರಿ' ಅಂತ ಅಂದುಕೊಂಡಿರುತ್ತಾರೆ, ಅಷ್ಟೇ. ಸುಮ್ನೆ ಕೆಂಪು ಗೀಟು ಹಾಕಬೇಡಿ. ತಕ್ಕಡಿ ನೆನಪಿಸಿ. ಎರಡೂ ತಟ್ಟೆ ಸಮ ತೂಗಬೇಕು, ಅಲ್ವಾ?

ಆಮೇಲೆ 9 = 4 + 5, 6 = 6 ಇವು ಸರಿಯೋ ತಪ್ಪೋ ಕೇಳಿ. ಜಗಳವೇ ಆಗುತ್ತದೆ, ಆಗಲಿ ಬಿಡಿ.

ನಿಜವಾದ ಮಜಾ ಇರುವುದು 37 + 48 = □ + 47 ಕೊಟ್ಟಾಗ. ಕೂಡದೆಯೇ ಹೇಳಬೇಕು ಅನ್ನಿ. 48ರಲ್ಲಿ ಒಂದು ಕಮ್ಮಿಯಾಯಿತು, ಹಾಗಾದರೆ 37ಕ್ಕೆ ಒಂದು ಜಾಸ್ತಿ, 38. ಹೀಗೆ ಯೋಚಿಸಿದ ಮಗು ಎಕ್ಸ್ ನೋಡದೆಯೇ ಬೀಜಗಣಿತ ಮಾಡಿಬಿಟ್ಟಿದೆ. 'ಯಾವ ಸಂಖ್ಯೆ ತಗೊಂಡರೂ ಹೀಗೇನಾ?' ಅಂತ ಕೇಳಲು ಮಾತ್ರ ಮರೆಯಬೇಡಿ.

ಕಥೆ ಬೇಕಿದ್ದರೆ, ಈ '=' ಚಿಹ್ನೆಯನ್ನು 1557ರಲ್ಲಿ ತಂದವನು ವೇಲ್ಸ್‌ನ ರಾಬರ್ಟ್ ರೆಕಾರ್ಡ್. ಎರಡು ಸಮಾನಾಂತರ ಗೆರೆಗಳಿಗಿಂತ ಸಮವಾದದ್ದು ಬೇರೆ ಇಲ್ಲ ಅನ್ನುವುದು ಅವನ ವಾದ.