ಕಿರ್ದಿ, ಖತಾವಣಿ, ಒಂದು ಕೊಲೆ

ನನ್ನ ಕೊಲೆ ಕಾದಂಬರಿಯ ಮೊದಲ ಖರಡು 340 ಪುಟ. ಎರಡನೆಯದು 210ಕ್ಕೇ ನಿಂತಿತು. ಎರಡೂ ರದ್ದಿಗೆ ಹೋದವು. ಮೂರನೆಯದನ್ನು ಸಿರಸಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಇಡುವ ಹಾಗೆ ಕಿರ್ದಿ (ನಡೆದದ್ದನ್ನು ಹೊತ್ತಿನ ಕ್ರಮದಲ್ಲಿ ಬರೆಯುವ ಪುಸ್ತಕ), ಖತಾವಣಿ (ಅದನ್ನೇ ಒಬ್ಬೊಬ್ಬರ ಖಾತೆಗೆ ಹಂಚಿ ಬರೆಯುವ ಪುಸ್ತಕ) ಇಟ್ಟು ಬರೆದೆ. ಆ ಪುಟಗಳನ್ನು ಕಂಡವರೆಲ್ಲ "ಇದೆಂತ ಮಾರಾಯಾ, ಕಾದಂಬರಿಯೋ ಸೊಸೈಟಿ ಲೆಕ್ಕವೋ" ಎಂದರು. ಗೀಟು ಹಾಕಿ ಬರೆದರೆ ಕತೆ ಸತ್ತುಹೋಗುತ್ತದೆ ಎಂದು ಹೆದರಿಸಿದವರೂ ಇದ್ದರು. ಕತೆ ಇಷ್ಟು: ಕಾರವಾರದ ಕಾಲೇಜೊಂದರ ಹಾಸ್ಟೆಲ್, ಒಂದು ಸಾವು, ಬಾಯಿ ಬಿಡದ ಏಳು ಜನ. ಪುಸ್ತಕ ಎರಡನೇ ಮುದ್ರಣಕ್ಕೆ ಬಂದಿದೆ, ಹಾಗಾಗಿ ಲೆಕ್ಕ ಬಿಚ್ಚಿಡುವ ಧೈರ್ಯ.

ಮೊದಲ ಖರಡು ಬಿದ್ದ ಕಾರಣ ಕತೆ ಬರೆಯುವವರಿಗೆಲ್ಲ ಗೊತ್ತಿರುವುದೇ. ಕೊಲೆಗಾರ ಯಾರೆಂದು ನನಗೇ ಗೊತ್ತಿಲ್ಲದೆ ಶುರು ಮಾಡಿದ್ದು. ಬರೆಯುತ್ತಾ ಮೂರು ಸಲ ಕೊಲೆಗಾರ ಬದಲಾದ. ಇನ್ನೂರನೇ ಪುಟದ ಹೊತ್ತಿಗೆ ವಾರ್ಡನ್, "ಫೋನು ಬಾವಿಯಲ್ಲಿತ್ತಲ್ಲ" ಎನ್ನುತ್ತಾನೆ. ಅವನಿಗೆ ಅದನ್ನು ಹೇಳಿದವರು ಯಾರೂ ಇಲ್ಲ. ನನಗೆ ಗೊತ್ತಿದ್ದದ್ದು ಅವನ ಬಾಯಿಗೆ ಜಾರಿತ್ತು. ಎರಡನೇ ಸಲ ಎಲ್ಲರೂ ಹೇಳುವ ಹಾಗೆ ಅಧ್ಯಾಯಕ್ಕೊಂದು ಕಾರ್ಡು ಬರೆದು ಗೋಡೆಗೆ ಅಂಟಿಸಿದೆ. ಜುಲೈ ತಿಂಗಳ ಥಂಡಿಗೆ ಟೇಪು ಬಿಟ್ಟು ಅರ್ಧ ಉದುರಿದವು, ಉಳಿದವಕ್ಕೆ ಬೂಸಲು ಬಂತು. ಅದು ಹೋಗಲಿ. ಕಾರ್ಡಿನ ನಿಜವಾದ ದೋಷ ಬೇರೆ: ಅದು ಓದುಗ ಏನನ್ನು ಯಾವಾಗ ನೋಡುತ್ತಾನೆ ಎಂಬುದರ ಪಟ್ಟಿ. ನಡೆದದ್ದು ಏನು ಎಂಬ ಪಟ್ಟಿ ಎಲ್ಲೂ ಇಲ್ಲ.

ಆ ಪಟ್ಟಿಯೇ ಕಿರ್ದಿ. ಸಾವಿಗೆ ಐದು ದಿನ ಮೊದಲಿನಿಂದ ಹತ್ತೊಂಬತ್ತು ದಿನ ಆಮೇಲಿನವರೆಗೆ, ಏನಾದರೂ ನಡೆದ ಗಂಟೆಗೊಂದು ಸಾಲು. ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕ, ಐದು ಕಲಮು: ಹೊತ್ತು, ಜಾಗ, ಯಾರು, ಏನು ಮಾಡಿದರು, ಏನು ಕುರುಹು ಉಳಿಯಿತು. ಕತೆಯ ಭಾಷೆ ಇಲ್ಲಿ ಬೇಡ. "ಗಾಬರಿಯಿಂದ ಓಡಿದ" ಎಂದು ಬರೆದ ಕೂಡಲೇ ಹೊಡೆದು ಹಾಕಿ "ಓಡಿದ, ಚಪ್ಪಲಿ ಒಂದು ಬಿತ್ತು" ಎಂದು ಬರೆಯಬೇಕು. ಐದನೇ ಕಲಮು ಖಾಲಿ ಬಿಟ್ಟರೆ ಮುಂದೆ ಪೊಲೀಸರಿಗೆ ಹಿಡಿಯಲು ಏನೂ ಇರುವುದಿಲ್ಲ. ಮುಖ್ಯ ಪಾತ್ರಗಳು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಎಲ್ಲಿದ್ದರು ಎಂಬುದಂತೂ ಮಲಗಿದ್ದರೂ ಬರೆದಿರಬೇಕು. ಒಟ್ಟು 430 ಸಾಲಾಯಿತೇನೋ, ಐದು ವಾರ ಹಿಡಿಯಿತು. ಈ ಐದು ವಾರದಲ್ಲಿ ಕಾದಂಬರಿಯ ಒಂದು ವಾಕ್ಯವನ್ನೂ ಬರೆಯಬಾರದು. ಕಷ್ಟ ಅದೇ.

ಆಮೇಲೆ ಖತಾವಣಿ. ಪಾತ್ರಕ್ಕೆ ಎದುರುಬದುರು ಎರಡು ಪುಟ. ಎಡಕ್ಕೆ ಜಮಾ: ಯಾವ ಸಂಗತಿ, ಯಾವ ದಿನ, ಯಾರಿಂದ ತಿಳಿಯಿತು. ಬಲಕ್ಕೆ ಖರ್ಚು: ಯಾವ ಸಂಗತಿಯನ್ನು ಯಾರಿಗೆ ಹೇಳಿದ, ನಿಜವೋ ಸುಳ್ಳೋ. ಅಡಿಗೆ ಶಿಲ್ಕು, ಅಂದರೆ ತಿಳಿದೂ ಹೇಳದೆ ಇಟ್ಟುಕೊಂಡದ್ದು. ಪ್ರತಿ ಅಧ್ಯಾಯ ಮುಗಿದಾಗ ಶಿಲ್ಕು ತೆಗೆಯಬೇಕು. ಮೆಸ್ಸಿನ ಅಡುಗೆಯವಳ ಖಾತೆ ಹೀಗಿತ್ತು: 13ರ ಬೆಳಿಗ್ಗೆ ಜಮಾ, ಹಿಂದಿನ ಬಾಗಿಲ ಚಿಲಕ ಒಳಗಿನಿಂದ ತೆಗೆದಿತ್ತು, ಕಣ್ಣಾರೆ ಕಂಡದ್ದು. 13ರ ಮಧ್ಯಾಹ್ನ ಜಮಾ, ಹುಡುಗಿ ಊರಿಗೆ ಹೋಗಿದ್ದಾಳೆ, ವಾರ್ಡನ್ ಹೇಳಿದ್ದು. 14ಕ್ಕೆ ಖರ್ಚು, ಎರಡನೆಯದು ಮಾತ್ರ, ಹಾಲಿನವನಿಗೆ. ಶಿಲ್ಕು, ಚಿಲಕ. ಇದೇ ಹೆಂಗಸು ಹದಿನೆಂಟನೇ ಅಧ್ಯಾಯದಲ್ಲಿ, 14ರ ರಾತ್ರಿ, ಕೆರೆಯ ಮೆಟ್ಟಿಲ ಮೇಲಿನ ಬಳೆಯ ಮಾತೆತ್ತುತ್ತಾಳೆ. ಬಳೆ ಸಿಕ್ಕಿದ್ದು 16ಕ್ಕೆ. ಪೆಟ್ಟಿಗೆಯಲ್ಲಿ ಇಲ್ಲದ ದುಡ್ಡು ಖರ್ಚಾದ ಹಾಗೆ, ಶಿಲ್ಕು ಮೈನಸ್. ಕಾರ್ಡಿನಲ್ಲಿ ಇಂಥದ್ದು ಜನ್ಮದಲ್ಲಿ ಸಿಗುವುದಿಲ್ಲ. ಖತಾವಣಿಯಲ್ಲಿ ಇಂಥವು 23 ಸಿಕ್ಕವು, ಅಚ್ಚಿಗೆ ಹೋದ ಮೇಲೆ ಓದುಗರು ಹುಡುಕಿದ್ದು ಒಂದೇ ಒಂದು. ಅದು ಯಾವುದೆಂದು ಹೇಳುವುದಿಲ್ಲ.

ಶಿಲ್ಕೇ ಕುತೂಹಲ. ಇದಿಷ್ಟು ತಿಳಿಯಲು ಎರಡು ಖರಡು ಬಲಿಯಾದವು. ಶಿಲ್ಕು ಸೊನ್ನೆಯಾದ ಪಾತ್ರ ಎಷ್ಟೇ ಚೆಂದ ಮಾತಾಡಲಿ, ಪುಟ ಜಗ್ಗುತ್ತದೆ. ಹಾಗೆ ನಾಲ್ಕು ಜನರನ್ನು ತೆಗೆದು ಹನ್ನೊಂದನ್ನು ಏಳಕ್ಕಿಳಿಸಿದೆ. ಪ್ರಿನ್ಸಿಪಾಲರ ಶಿಲ್ಕು ಬೆಳೆಸಿದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ್‍ಯಾಗಿಂಗ್ ತಡೆ ನಿಯಮ. ದೂರು ಕಿವಿಗೆ ಬಿದ್ದ 24 ಗಂಟೆಯೊಳಗೆ ಎಫ್‌ಐಆರ್ ಆಗಬೇಕು. ಹಾಗಾದರೆ ಅವರಿಗೆ 'ಗೊತ್ತಾದ ಹೊತ್ತು' ಯಾವುದು? ಆ ಒಂದು ಹೊತ್ತನ್ನು ಮುಂದೆ ತಳ್ಳಲು ಒಳ್ಳೆಯ ಮನುಷ್ಯ ಏನೇನು ಮಾಡುತ್ತಾನೆ ಎನ್ನುವುದರಲ್ಲೇ ಆರು ಅಧ್ಯಾಯ ನಡೆದವು. ಕತ್ತಲೆ ಬೇಕೆಂದು ರಕ್ತ ಚೆಲ್ಲಬೇಕಾಗಿಲ್ಲ, ರಜಿಸ್ಟರಿನಲ್ಲಿ ತಿದ್ದಿದ ಒಂದು ಅಂಕಿ ಸಾಕು. ಯಾರ ಶಿಲ್ಕನ್ನು ಕೊನೆಯಲ್ಲಿ ಒಡೆಯಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ಅದು ಮುಂದಿನ ಪುಸ್ತಕಕ್ಕೆ ಬೇಕು.

ಇನ್ನು ತಾರೀಖು. ಶುರುವಿನಲ್ಲಿ ಕೊಲೆ ಜುಲೈಯಲ್ಲಿತ್ತು, ಮಳೆ ಇದ್ದರೆ ಭಯ ತಾನಾಗಿ ಬರುತ್ತದೆ ಎಂಬ ಸೋಮಾರಿತನಕ್ಕೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಯ ಮೀನುಗಾರಿಕೆಗೆ ನಿಷೇಧ, ಹೆಣ ಕಾಣಬೇಕಾದ ಬೋಟು ದಡದಲ್ಲಿ ತಾಡಪಾಲು ಹೊದ್ದು ಮಲಗಿರುತ್ತದೆ. ಮೇಲಿನಿಂದ ಕದ್ರಾ ಅಣೆಕಟ್ಟೆಯ ನೀರು ಬಿಟ್ಟರಂತೂ ಕಾಳಿ ನದಿಯಲ್ಲಿ ಭರತಿ ಇಳಿತದ ಲೆಕ್ಕವೇ ಕೆಡುತ್ತದೆ. ಕೊಲೆಗಾರ ಹೆಣವನ್ನು ಜೋರು ಇಳಿತದಲ್ಲಿ ಕಡಲ ಕಡೆಗೆ ಬಿಡಲು ಮಳೆ ಬಿಟ್ಟ ಮೇಲಿನ ಅಮಾವಾಸ್ಯೆ ಬೇಕಿತ್ತು. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಏರಿಳಿತ ಒಂದೂವರೆ ಮೀಟರ್ ಹತ್ತಿರ, ಅಷ್ಟಮಿಗೆ ಅದರರ್ಧ. ಹುಣ್ಣಿಮೆಗೂ ಇಳಿತ ಜೋರೇ, ಆದರೆ ಬೆಳದಿಂಗಳಲ್ಲಿ ಕಾಳಿ ಸೇತುವೆಯಿಂದ ಎಲ್ಲ ಕಾಣುತ್ತದೆ. 2023ರ ನವೆಂಬರ್ 13 ನೋಡಿದೆ, ದೀಪಾವಳಿ, ಹಾಸ್ಟೆಲ್ಲೇ ಖಾಲಿ. ಮುಂದಿನ ಅಮಾವಾಸ್ಯೆ ಡಿಸೆಂಬರ್ 12, ಮಂಗಳವಾರ. ಅದೇ ಗಟ್ಟಿಯಾಯಿತು. ಭರತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಕೊಲೆಯನ್ನು ಒಂದು ದಿನ ಜರುಗಿಸಿದರೆ ಇಡೀ ಕಿರ್ದಿ ಜರುಗಿಸಬೇಕು. ಎರಡು ಸಲ ಜರುಗಿಸಿದ್ದೇನೆ.

ತಾರೀಖು ಕಟ್ಟದೆ "ಈಗಿನ ಕಾಲ" ಎಂದು ಬರೆಯುವವರು ಒಂದು ಸಂಗತಿ ನೋಡಿಕೊಳ್ಳಿ. ಹಳೆಯ ಕಾಳಿ ಸೇತುವೆ ಕುಸಿದದ್ದು 2024ರ ಆಗಸ್ಟ್ 7ರ ನಡುರಾತ್ರಿ. ಎರಡನೇ ಖರಡಿನ ಅರ್ಧ ಆ ಸೇತುವೆಯ ಮೇಲಿತ್ತು. ಕಾನೂನೂ ಹಾಗೇ. 2024ರ ಜುಲೈ 1ರಿಂದ ಕೊಲೆ ಹಳೆಯ ದಂಡಸಂಹಿತೆಯ (ಐಪಿಸಿ) 302 ಅಲ್ಲ, ಹೊಸ ನ್ಯಾಯ ಸಂಹಿತೆ ಬಿಎನ್‌ಎಸ್ 103. ಅಸಹಜ ಸಾವಿನ ಪಂಚನಾಮೆಗೆ ಹಳೆಯ ದಂಡಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿ 174 ಹೋಗಿ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಿಎನ್‌ಎಸ್‌ಎಸ್ 194. ಒಂದೇ ಇನ್‌ಸ್ಪೆಕ್ಟರ್ ಒಂದು ಅಧ್ಯಾಯದಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಹೇಳುತ್ತಿದ್ದ. ಡಿಸೆಂಬರ್ 2023 ಎಂದು ಕಟ್ಟಿದ ಮೇಲೆ ಸೇತುವೆಯೂ ಉಳಿಯಿತು, 302ಯೂ ಉಳಿಯಿತು. ಕಾಲೇಜಿನ ಜಾಗವನ್ನೂ ಬದಲಿಸಬೇಕಾಯಿತು. ದಕ್ಷಿಣಕ್ಕೆ ಅರ್ಗಾ ಕಡೆ ನೌಕಾನೆಲೆಯ ಬೇಲಿ, ಅಲ್ಲಿ ನಡುರಾತ್ರಿ ವಿದ್ಯಾರ್ಥಿ ಕಡಲಿಗಿಳಿದರೆ ಕತೆ ಎರಡನೇ ಪುಟಕ್ಕೇ ಮುಗಿಯುತ್ತದೆ. ಹಾಗಾಗಿ ನದಿಯ ಉತ್ತರಕ್ಕೆ, ಸದಾಶಿವಗಡ ಮಾಜಾಳಿ ನಡುವೆ ಇಲ್ಲದ ಒಂದು ಗುಡ್ಡ ಎಬ್ಬಿಸಿದೆ. ಅಲ್ಲಿ ಫೋನು ಗೋವಾದ ಟವರ್ ಹಿಡಿಯುವ ಲಾಭವೂ ಸಿಕ್ಕಿತು.

ಹೆಣದ ದಾರಿಗೆ ಒಂದು ಪ್ರಯೋಗ ಮಾಡಿದ್ದೆ. ತೆಂಗಿನಕಾಯಿ ಬಿಟ್ಟು ನೋಡುತ್ತಾರೆ, ಅದು ತಪ್ಪು. ಕಾಯಿ ನೀರಿನ ಮೇಲೆ ಅರ್ಧ ಎದ್ದಿರುತ್ತದೆ, ಗಾಳಿ ತಳ್ಳಿದ ಕಡೆ ಹೋಗುತ್ತದೆ. ಐದು ಲೀಟರಿನ ಕ್ಯಾನಿಗೆ ಹೊಳೆಯ ನೀರನ್ನೇ ಮುಕ್ಕಾಲಿಗಿಂತ ಹೆಚ್ಚು ತುಂಬಿ, ಕುತ್ತಿಗೆ ಮಾತ್ರ ಕಾಣುವಂತೆ ಮರಳು ಹಾಕಿ ಭಾರ ಸರಿಮಾಡಿ, ಕೆಂಪು ಬಣ್ಣ ಬಳಿದು, ಇಳಿತ ಶುರುವಾದಾಗ ಹನ್ನೆರಡನ್ನು ಬಿಟ್ಟೆ. ಐದು ಸಿಕ್ಕವು. ಎರಡು ಟಾಗೋರ್ ಕಡಲತೀರದಲ್ಲಿ, ಮೂರು ಒಳಗಡೆ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳಲ್ಲಿ. ನಕ್ಷೆ ಹಾಕಿ ಬೀಗಿದ್ದೇ ಬಂತು. ಶವಪರೀಕ್ಷೆ ಮಾಡುವ ಡಾಕ್ಟರೊಬ್ಬರು ಒಂದೇ ಮಾತಲ್ಲಿ ಮುಗಿಸಿದರು: "ಹೆಣ ಮೊದಲು ಮುಳುಗ್ತದೆ ಮಾರಾಯ್ರೆ, ನಿಮ್ಮ ಕ್ಯಾನ್ ಮೊದಲಿಂದ ತೇಲ್ತದೆ." ಒಳಗೆ ಗಾಳಿ ಕಟ್ಟಿ ಮೇಲೇಳಲು ನಮ್ಮ ಬೆಚ್ಚನೆ ನೀರಿನಲ್ಲಿ ಒಂದೆರಡು ದಿನ ಬೇಕು. ಅಷ್ಟರಲ್ಲಿ ಎಷ್ಟು ಭರತಿ, ಎಷ್ಟು ಇಳಿತ! ಡೀಸೆಲ್ಲು, ಕ್ಯಾನು, ದೋಣಿ ಬಾಡಿಗೆ ಸೇರಿ ಸುಮಾರು 4,000 ರೂಪಾಯಿ ನೀರಿಗೆ. ಕತೆಗೆ ಮಾತ್ರ ಲಾಭವಾಯಿತು. ಹೆಣ ತಳದಲ್ಲಿ ಸರಿದು ಕಾಂಡ್ಲಾ ಬೇರಿಗೆ ಸಿಕ್ಕಿ ಮೂರನೇ ಬೆಳಿಗ್ಗೆ ಏಳುತ್ತದೆ. ಕೊಲೆಗಾರ ಅದು ಕಡಲು ಸೇರಿತೆಂದು ನಂಬಿ ಎರಡು ದಿನ ನಿರಾಳವಾಗಿರುತ್ತಾನೆ. ನನ್ನ ತಪ್ಪನ್ನೇ ಅವನಿಗೆ ಕೊಟ್ಟೆ.

ಮುಳುಗಿದ್ದು ಉಪ್ಪುನೀರಲ್ಲೋ ಕೆರೆಯಲ್ಲೋ ಎಂಬುದಕ್ಕೆ ಮೂಳೆಯ ಮಜ್ಜೆಯಲ್ಲಿ ಸಿಗುವ ಡಯಾಟಮ್ ಪಾಚಿ ನೋಡುತ್ತಾರೆ, ಸಿಹಿನೀರಿನ ಜಾತಿ ಬೇರೆ, ಕಡಲಿನದು ಬೇರೆ. ಇದನ್ನು ಬಳಸುವವರು ವರದಿಯನ್ನು ಮರುದಿನವೇ ತರಿಸಬೇಡಿ. ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ನಿಂದ ಬರಲು ತಿಂಗಳುಗಳು ಹಿಡಿಯುತ್ತವೆ. ನನ್ನ ಕಿರ್ದಿ ಹತ್ತೊಂಬತ್ತು ದಿನಕ್ಕೆ ಮುಗಿಯುವುದರಿಂದ ವರದಿ ಬರುವುದೇ ಇಲ್ಲ, ಬರುತ್ತದೆ ಎಂಬ ಹೆದರಿಕೆ ಮಾತ್ರ ಕೆಲಸ ಮಾಡುತ್ತದೆ.

ಕೊಲೆಗಾರನನ್ನು ಹಿಡಿದದ್ದು ಪ್ರಯೋಗಾಲಯ ಅಲ್ಲ, ಒಂದು ಮೀನು ಸಾರು. ಸತ್ತ ಹುಡುಗಿಯ ಫೋನಿನಿಂದ ಅವನು ಅವಳ ಅಮ್ಮನಿಗೆ ಮೆಸೇಜು ಹಾಕುತ್ತಾನೆ: "ಊಟ ಆಯ್ತು ಅಮ್ಮ, ಇವತ್ತು ಸಿಗಡಿ ಸಾರು." ಅಂಕೋಲೆಯ ಹುಡುಗಿ ಅಮ್ಮನಿಗೆ ಸಿಗಡಿ ಎನ್ನುವುದಿಲ್ಲ, ಶೆಟ್ಲಿ ಎನ್ನುತ್ತಾಳೆ. ಸಿಗಡಿ ಎಂಬುದು ಪುಸ್ತಕ ಓದಿ ಕಲಿತವನ ಮಾತು, ಮೀನು ತಿನ್ನದ ಘಟ್ಟದ ಮೇಲಿನ ಮನೆಯವನ ಮಾತು. ಖತಾವಣಿಯಲ್ಲಿ ಅಮ್ಮನ ಖಾತೆಗೆ ಇದು ಹನ್ನೆರಡನೇ ಅಧ್ಯಾಯದಲ್ಲೇ ಜಮಾ ಆಗಿದೆ, ಖರ್ಚಾಗುವುದು ಮೂವತ್ತೇಳರಲ್ಲಿ. ಕರಾವಳಿಯ ಓದುಗರು ಹನ್ನೆರಡಕ್ಕೇ ಹಿಡಿದರು, ಬೆಂಗಳೂರಿನವರಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ಎರಡೂ ಬಗೆಯವರಿಗೆ ಖುಷಿ.

ನಡುವೆ ಫೋನಿಗೆ ಹೇಳಿ ಬರೆಸುವುದನ್ನೂ ನೋಡಿದೆ. ಗ್ರಂಥಸ್ಥ ಮಾತು ಪರವಾಗಿಲ್ಲ, ನಮ್ಮ ಕಡೆಯ ಸಂಭಾಷಣೆ ಹೇಳಿದರೆ ಬೇರೆಯೇ ಭಾಷೆ ಬರುತ್ತದೆ. ಮೂರೇ ದಿನಕ್ಕೆ ಬಿಟ್ಟೆ. ಯೂನಿಕೋಡಿನಿಂದ ಅಚ್ಚಿನವರ ಹಳೆಯ ಫಾಂಟಿಗೆ ಹೋಗುವಾಗ ಅರ್ಕಾವತ್ತು ಕೆಡುತ್ತದೆ. ಸೂರ್ಯ, ಮರ್ಮ, ದೀರ್ಘ ಎಂದು ಹುಡುಕಿ ನೋಡಿಕೊಳ್ಳಿ.

ದುಡ್ಡಿನ ವಿಷಯ. 72 ಸಾವಿರ ಪದ, 41 ಅಧ್ಯಾಯ, ಡೆಮಿ 1/8ರಲ್ಲಿ 272 ಪುಟ, ಅಂದರೆ 16 ಪುಟದ 17 ಫಾರಂ. 70 ಜಿಎಸ್‌ಎಂ ಕಾಗದ. ಸಾವಿರ ಪ್ರತಿಗೆ 85 ಸಾವಿರ ಚಿಲ್ಲರೆ, ಮುಖಪುಟ ಮತ್ತು ಕರಡು ತಿದ್ದಿದ್ದಕ್ಕೆ ಹನ್ನೆರಡು ಸಾವಿರ, ಅಂಚೆ ಓಡಾಟಕ್ಕೆ ಹತ್ತು ಸಾವಿರ. ಐಎಸ್‌ಬಿಎನ್ ಪುಕ್ಕಟೆ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಬೆಲೆ 320, ಅಂಗಡಿಗೆ 40 ಪರ್ಸೆಂಟ್ ಬಿಟ್ಟರೆ ಕೈಗೆ 190ರ ಹತ್ತಿರ. ಅಂಗಡಿಗಳಲ್ಲಿ 620ರಷ್ಟು, ನೇರವಾಗಿ 230ರಷ್ಟು ಹೋದವು, ಉಳಿದವು ಗೌರವ ಪ್ರತಿ, ಅಂದರೆ ಓದದವರ ಮನೆಗೆ. ಹತ್ತು ತಿಂಗಳಿಗೆ ಖರ್ಚು ಕಳೆದು ಎಂಬತ್ತೈದು ಸಾವಿರದ ಆಸುಪಾಸು ಉಳಿಯಬೇಕು. ಉಳಿಯಬೇಕು ಎಂದೆ, ಏಕೆಂದರೆ ಒಬ್ಬ ಮಾರಾಟಗಾರರಿಂದ 14 ಸಾವಿರ ಇನ್ನೂ ಬಂದಿಲ್ಲ.

ಮೊದಲ ಮುದ್ರಣದ ಮುಖಪುಟ ಮಳೆಗಾಲಕ್ಕೆ ಹಪ್ಪಳದ ಹಾಗೆ ಸುರುಳಿ ಸುತ್ತಿತು. ಹೊರಗೆ ಪ್ಲಾಸ್ಟಿಕ್ ಪದರ, ಒಳಗಿನ ಬರಿ ಕಾರ್ಡು ಥಂಡಿ ಕುಡಿದು ಹಿಗ್ಗುತ್ತದೆ, ಹೊರಕ್ಕೆ ಬಾಗುತ್ತದೆ. ಅಂಟಿನ ಬೈಂಡಿಂಗೂ ಬಿಟ್ಟು ಮೂವತ್ತು ಪ್ರತಿ ವಾಪಸ್ ಬಂದವು. ಎರಡನೇ ಮುದ್ರಣದ 500 ಪ್ರತಿಗೆ ಹೊಲಿಗೆ ಹಾಕಿಸಿದ್ದೇನೆ, ಪ್ರತಿಗೆ ಎಂಟು ರೂಪಾಯಿ ಜಾಸ್ತಿ. ಮಳೆ ಕಾಣದ ಊರಿನ ಅಚ್ಚಿನವರಿಗೆ ಇದು ಯಾಕೆ ಬೇಕೆಂದು ತಿಳಿಸಲು ಬಾಗಿದ ಒಂದು ಪ್ರತಿಯನ್ನೇ ಪಾರ್ಸೆಲ್ ಮಾಡಬೇಕಾಯಿತು.