ಗಿನಿ ಹುಲ್ಲು: ಮೇವಿಗೊಂದು ಮಡಿ, ಬೀಜಕ್ಕೊಂದು ಮಡಿ

ಪುಣೆ ಹೊರಗೆ, ಲೋಣಿ ಕಾಳಭೋರ, ಊರುಳಿ ಕಾಂಚನ್ ಕಡೆ ನಾಲ್ಕು ಎಮ್ಮೆ ಕಟ್ಟಿಕೊಂಡ ಕನ್ನಡಿಗರಿಗಾಗಿ ಈ ಲೇಖನ. ಹತ್ತು ಗುಂಟೆ ಜಾಗ, ಸ್ವಲ್ಪ ನೀರು ಇದ್ದರೆ ಹಸಿ ಮೇವನ್ನು ನೀವೇ ಬೆಳೆದುಕೊಳ್ಳಬಹುದು. ಯಾವ ಹುಲ್ಲು ಅನ್ನೋದು ಮೊದಲು ತೀರ್ಮಾನವಾಗಲಿ.

ಬರೀ ಮೇವು ಸಾಕು ಅನ್ನುವವರು ಹೈಬ್ರಿಡ್ ನೇಪಿಯರ್ ಹಾಕಲಿ. ಇದು ಸಜ್ಜೆ ಮತ್ತು ನೇಪಿಯರ್ ಹುಲ್ಲಿನ ಅಡ್ಡತಳಿ. ರಾಹುರಿ ಕೃಷಿ ವಿಶ್ವವಿದ್ಯಾಲಯದ ಫುಲೆ ಜಯವಂತ ತಳಿ ಇದೆ, ಊರುಳಿ ಕಾಂಚನ್‌ನಲ್ಲೇ ಹುಟ್ಟಿದ ಬೈಫ್ ಸಂಸ್ಥೆಯ ಬಿಎನ್‌ಎಚ್-10 ಇದೆ. ಎರಡು ಗೆಣ್ಣಿನ ತುಂಡು ನೆಟ್ಟರೆ ಆಯಿತು. ಆದರೆ ಇದರಿಂದ ಬೀಜದ ಆಸೆ ಬೇಡ. ಸಜ್ಜೆಯಲ್ಲಿ 14 ಕ್ರೋಮೋಸೋಮ್ (ಜೀವಕೋಶದಲ್ಲಿ ಗುಣಗಳನ್ನು ಹೊತ್ತ ಎಳೆಗಳು), ನೇಪಿಯರ್‌ನಲ್ಲಿ 28. ಎರಡರಿಂದಲೂ ಅರ್ಧರ್ಧ ಬಂದು ಹೈಬ್ರಿಡ್‌ನಲ್ಲಿ 21 ಆಗುತ್ತದೆ. ಅವು ಸರಿಯಾಗಿ ಜೋಡಿ ಕೂಡುವುದಿಲ್ಲ, ಹಾಗಾಗಿ ತೆನೆ ಬಂದರೂ ಬರೀ ಜೊಳ್ಳು. ಇನ್ನೊಂದು ಮಾತು: ನೇಪಿಯರ್‌ನಲ್ಲಿ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ, ಅದು ಕ್ಯಾಲ್ಸಿಯಂ ದಕ್ಕಲು ಬಿಡುವುದಿಲ್ಲ. ಜೊತೆಗೆ ಒಂದಿಷ್ಟು ಕುದುರೆ ಮೆಂತೆ ಹಾಕಿ. ಇಲ್ಲಿ ಅದನ್ನು ಲಸೂಣ ಘಾಸ್ ಅಂತ ಕೇಳಬೇಕು.

ಮೇವೂ ಬೇಕು, ಬೀಜವೂ ಬೇಕು ಅಂದರೆ ಗಿನಿ ಹುಲ್ಲೇ ಸರಿ.

ಜೂನ್ ಮೊದಲ ವಾರ ಸಣ್ಣ ಮಡಿ ಮಾಡಿ. ಹತ್ತು ಗುಂಟೆಗೆ ಸುಮಾರು 300 ಗ್ರಾಂ ಒಳ್ಳೆ ಬೀಜ ಸಾಕು. ಬೀಜ ತೀರಾ ಸಣ್ಣದು, ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋದರೆ ಮೇಲೇಳುವುದಿಲ್ಲ. ಉದುರಿಸಿ, ಮೇಲೆ ಜರಡಿ ಹಿಡಿದ ಗೊಬ್ಬರ ತೆಳ್ಳಗೆ ಹರಡಿದರೆ ಸಾಕು. ಜುಲೈನಲ್ಲಿ ಸಸಿ ಕಿತ್ತು, ಸಾಲಿಗೆ 50 ಸೆಂಟಿಮೀಟರ್, ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟು ನೆಡಿ. ಹತ್ತು ಗುಂಟೆಗೆ ಸುಮಾರು 6,700 ಗಿಡ ಹಿಡಿಯುತ್ತವೆ. ಮೊದಲ ತಿಂಗಳು ಕಳೆ ತೆಗೆಯಲೇಬೇಕು, ಆಮೇಲೆ ಹುಲ್ಲೇ ಕಳೆಯನ್ನು ಮುಚ್ಚಿಬಿಡುತ್ತದೆ.

ಮೊದಲ ಕೊಯ್ಲು ಎರಡೂವರೆ ತಿಂಗಳಿಗೆ, ಮುಂದೆ ಸುಮಾರು 45 ದಿನಕ್ಕೊಮ್ಮೆ. ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ, ಪ್ರತಿ ಸಲ ಗೊಬ್ಬರ ಕೊಡಿ. ದನ ಬಿಟ್ಟು ಮೇಯಿಸುವುದಾದರೆ ಬೇರು ಗಟ್ಟಿಯಾದ ಮೇಲೆ ಬಿಡಿ, ಬುಡದ ತನಕ ಮೇಯಲು ಬಿಡಬೇಡಿ.

ಈಗ ಬೀಜದ ವಿಷಯ. ಮೇವಿನ ಹೊಲದಲ್ಲೇ ನಾಲ್ಕು ತೆನೆ ಉಳಿಸಿಕೊಳ್ಳೋಣ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಮೇವಿಗೆ ಎಲೆ ಬೇಕು, ಬೀಜಕ್ಕೆ ತೆನೆ ಬೇಕು. ಎರಡು ಗುಂಟೆ ಬೇರೆ ಇಡಿ. ಎರಡನೇ ವರ್ಷದಿಂದ ಅದರ ಮಳೆಗಾಲದ ಕೊನೇ ಕೊಯ್ಲು ಆಗಸ್ಟ್‌ನಲ್ಲೇ ಮುಗಿಯಲಿ. ಮಳೆ ಹಿಂದೆ ಸರಿಯುವ ಅಕ್ಟೋಬರ್ ಹೊತ್ತಿಗೆ ಕಾಳು ಬಲಿಯಬೇಕು, ಅದೇ ಲೆಕ್ಕಾಚಾರ.

ಗಿನಿ ಹುಲ್ಲಿನ ತೆನೆ ಒಟ್ಟಿಗೆ ಹಣ್ಣಾಗುವುದಿಲ್ಲ. ತುದಿಯ ಕಾಳು ಉದುರುತ್ತಿರುತ್ತದೆ, ಬುಡದಲ್ಲಿ ಇನ್ನೂ ಹೂವು ಇರುತ್ತದೆ. ತೆನೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಸವರಿ. ಕಾಳು ತಾನಾಗಿ ಕೈಗೆ ಬಂದರೆ, ಉಗುರಲ್ಲಿ ಒತ್ತಿದಾಗ ಒಳಗೆ ಗಟ್ಟಿಯಾಗಿ ಸಿಕ್ಕರೆ ಬಲಿತಿದೆ ಅಂತ. ಒತ್ತಿದರೆ ಚಪ್ಪಟೆಯಾದದ್ದು ಜೊಳ್ಳು. ಒಂದೇ ಸಲ ಕುಡುಗೋಲು ಹಾಕಿದರೆ ಅರ್ಧ ಎಳೆಯದು, ಅರ್ಧ ನೆಲದ ಪಾಲು. ಥಾಯ್ಲೆಂಡಿನ ರೈತರು ಅಕ್ಕಪಕ್ಕದ ತೆನೆಗಳನ್ನು ಗಿಡದಲ್ಲೇ ಕಂತೆ ಕಟ್ಟಿ, ಆಗಾಗ ಚೀಲದೊಳಗೆ ಬಗ್ಗಿಸಿ ಕೊಡವುತ್ತಾರೆ. ಉದುರಿದ್ದು ಮಾತ್ರ ನಿಮ್ಮದು, ಉಳಿದದ್ದು ಬಲಿಯಲಿ. ಕೈಕೆಲಸ ಜಾಸ್ತಿ, ನಿಜ. ಎರಡು ಗುಂಟೆಗೆ ಅಷ್ಟೇನೂ ಭಾರವಲ್ಲ ಅಲ್ವಾ? ಕೂಡಿಸಿದ್ದನ್ನು ಮೊದಲು ನೆರಳಲ್ಲಿ ಆಗಾಗ ಕೈಯಾಡಿಸುತ್ತ ಆರಿಸಿ, ಆಮೇಲೆ ಎಳೆಬಿಸಿಲು. ರಾಶಿ ಹಾಕಿ ಬಿಟ್ಟರೆ ಕಾವು ಏರಿ ಬೀಜ ಸಾಯುತ್ತದೆ. ತೂರಿ ಜೊಳ್ಳು ತೆಗೆಯಿರಿ.

ತಳಿ ಆರಿಸುವುದು ಇಲ್ಲಿ ಸುಲಭ. ಗಿನಿ ಹುಲ್ಲಿನ ಬಹುತೇಕ ತಳಿಗಳು ಗಂಡು ಹೆಣ್ಣಿನ ಕೂಡಿಕೆಯಿಲ್ಲದೆ ಬೀಜ ಕಟ್ಟುತ್ತವೆ. ಇದಕ್ಕೆ ಅಪೋಮಿಕ್ಸಿಸ್ ಅನ್ನುತ್ತಾರೆ. ಬೀಜದಿಂದ ಬಂದ ಗಿಡ ತಾಯಿಯ ಪಡಿಯಚ್ಚು. ಆದ್ದರಿಂದ ಹೊಲ ಸುತ್ತಿ ಅಗಲ ಎಲೆಯ, ಕೊಯ್ದ ಮೇಲೆ ಬೇಗ ಚಿಗುರುವ, ತಡವಾಗಿ ತೆನೆ ಬಿಡುವ ಬುಡಗಳಿಗೆ ಕೋಲು ನೆಟ್ಟು ಗುರುತು ಮಾಡಿ. ಬುಡ ಒಡೆದು ಒಂದೊಂದನ್ನು ಒಂದೊಂದು ಸಾಲಾಗಿ ನೆಟ್ಟು, ಎರಡು ವರ್ಷ ಹೋಲಿಸಿ ನೋಡಿ. ಗೆದ್ದ ಸಾಲಿನ ಬೀಜದಲ್ಲಿ ಆ ಗುಣ ಉಳಿಯುತ್ತದೆ.

ಹೊಸ ಗುಣ ಸೇರಿಸುವುದು ಮಾತ್ರ ಸಂಶೋಧಕರ ಕೆಲಸ. 1960ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿಗಳು ಪೂರ್ವ ಆಫ್ರಿಕಾದಲ್ಲಿ ಹುಲ್ಲು ಹುಡುಕುತ್ತ, ತಾಂಜಾನಿಯಾದ ಕೊರೊಗ್ವೆ ಸುತ್ತ ಕೂಡಿಕೆಯಿಂದಲೇ ಬೀಜ ಕಟ್ಟುವ ಗಿಡಗಳನ್ನು ಕಂಡರು. ಅವುಗಳ ಕ್ರೋಮೋಸೋಮ್ ಇಮ್ಮಡಿ ಮಾಡಿದ ಮೇಲೆಯೇ ಉಳಿದ ತಳಿಗಳ ಜೊತೆ ಅಡ್ಡಹಾಯಿಸಲು ದಾರಿಯಾಯಿತು. ಅವರು ಅಲ್ಲಿಂದ ಸಂಗ್ರಹಿಸಿ ತಂದ ಹುಲ್ಲುಗಳಿಂದಲೇ ಬ್ರೆಜಿಲ್ 1993ರಲ್ಲಿ ಮೊಂಬಾಸಾ ತಳಿ ಬಿಟ್ಟಿತು.

ಹೊಸ ಬೀಜ ತಕ್ಷಣ ಸರಿಯಾಗಿ ಮೊಳೆಯುವುದಿಲ್ಲ, ಕೆಲವು ತಿಂಗಳು ನಿದ್ದೆ ಬೇಕು. ಬಟ್ಟೆ ಚೀಲದಲ್ಲಿ ಒಣ ಜಾಗದಲ್ಲಿಡಿ. ಮೇ ಮೊದಲ ವಾರ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಎರಡು ಮೂರು ವಾರ ನೋಡಿ. ಮೊಳಕೆ ತೀರಾ ಕಡಿಮೆ ಬಂದರೆ ಬೀಜ ದುಪ್ಪಟ್ಟು ಹಾಕಿ, ಇಲ್ಲವೇ ಹಳೇ ಬುಡ ಒಡೆದು ನೆಡಿ.